ಪಟ್ಟಣಕ್ಕೆ ಹೊಸ ಅಸೆಸರ್ ಬೇಕು: ಏನನ್ನು ನೋಡಿ ಆರಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಪಟ್ಟಣದಲ್ಲಿ ನೆಲೆಸಿ ಹದಿನಾಲ್ಕು ವರ್ಷಗಳಾದವು. ಇಲ್ಲಿ ಆಸ್ತಿ ತೆರಿಗೆಗಾಗಿ ಮನೆ, ನಿವೇಶನ, ಮಳಿಗೆಗಳ ಬೆಲೆ ಕಟ್ಟುವ ಅಧಿಕಾರ ಜನರು ಚುನಾಯಿಸಿದ ಮೂವರು ಸದಸ್ಯರ ಅಸೆಸರ್ ಮಂಡಳಿಗೆ ಸೇರಿದೆ. ಮೂವರಿಗೂ ಬೇರೆ ಉದ್ಯೋಗಗಳಿರುವುದರಿಂದ ದಿನನಿತ್ಯದ ಕೆಲಸವನ್ನೆಲ್ಲ ಸಂಬಳಕ್ಕೆ ನೇಮಕಗೊಂಡ ಪ್ರಿನ್ಸಿಪಲ್ ಅಸೆಸರ್ ಒಬ್ಬರು ನೋಡಿಕೊಳ್ಳುತ್ತಾರೆ. ಬಹಳ ವರ್ಷಗಳಿಂದ ಆ ಸ್ಥಾನದಲ್ಲಿದ್ದವರು ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿದ್ದಾರೆ. ಹೊಸಬರನ್ನು ಆರಿಸುವ ಐದು ಜನರ ಸಮಿತಿಯಲ್ಲಿ ಪಟ್ಟಣದ ನಿವಾಸಿಗಳ ಪರವಾಗಿ ನನ್ನನ್ನು ಸೇರಿಸಿಕೊಂಡಿದ್ದಾರೆ. ವೃತ್ತಿಯಿಂದ ನಾನು ಶಾಲಾ ಶಿಕ್ಷಕಿ. ತೆರಿಗೆಯ ವಿಷಯದಲ್ಲಿ ಬಿಲ್ಲು ಕಟ್ಟುವುದರ ಆಚೆಗೆ ನನಗೆ ತಿಳಿದಿದ್ದು ಕಡಿಮೆ.

ಸಮಿತಿಯ ಮುಂದಿರುವ ಜಾಹೀರಾತಿನ ಕರಡಿನಲ್ಲಿ ಪದವಿ, ಐದು ವರ್ಷಗಳ ಅನುಭವ, ಕಂಪ್ಯೂಟರ್ ಜ್ಞಾನ ಮತ್ತು 'ಉತ್ತಮ ಸಂವಹನ ಕೌಶಲ' ಎಂಬ ನಾಲ್ಕು ಮಾತುಗಳಿವೆ. ಅದನ್ನು ಓದಿದಾಗ ಯಾವುದೇ ಕಚೇರಿಯ ಯಾವುದೇ ಹುದ್ದೆಗೂ ಇದೇ ಕರಡು ಸಲ್ಲುತ್ತದಲ್ಲ ಎಂದು ನನಗೆ ಅನಿಸಿತು. ಒಬ್ಬ ಅಸೆಸರ್ ವರ್ಷವಿಡೀ ನಿಜವಾಗಿ ಮಾಡುವ ಕೆಲಸವೇನು, ಅದರಲ್ಲಿ ಎಡವಿದರೆ ಯಾರಿಗೆ ಪೆಟ್ಟು ಬೀಳುತ್ತದೆ, ಅರ್ಧ ಗಂಟೆಯ ಸಂದರ್ಶನದಲ್ಲಿ ಅದನ್ನು ಪರೀಕ್ಷಿಸುವ ದಾರಿ ಯಾವುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಇನ್ನೊಂದು ವಿಷಯವೂ ಇದೆ. ಹೊಸ ಅಧಿಕಾರಿಯು ಅಸೆಸರ್ ಮಂಡಳಿಗೆ ಉತ್ತರ ಕೊಡಬೇಕೇ ಅಥವಾ ಇತರ ಇಲಾಖೆಗಳ ಮುಖ್ಯಸ್ಥರಂತೆ ಪಟ್ಟಣದ ಆಡಳಿತಾಧಿಕಾರಿಗೆ ಉತ್ತರ ಕೊಡಬೇಕೇ ಎಂಬ ಬಗ್ಗೆ ಸಮಿತಿಯಲ್ಲಿ ಒಮ್ಮತವಿಲ್ಲ. ಬಜೆಟ್ ಬಿಗಿಯಾಗಿರುವ ಈ ವರ್ಷದಲ್ಲಿ 'ಪಟ್ಟಣಕ್ಕೆ ಆದಾಯ ಹೆಚ್ಚಿಸಬಲ್ಲವರು ಬೇಕು' ಎಂದು ಸದಸ್ಯರೊಬ್ಬರು ಹೇಳಿದ ಮಾತು ಆ ದಿನದಿಂದ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ.

ಉತ್ತರ 1: ಇದೇ ರಾಜ್ಯದ ಇನ್ನೊಂದು ಪಟ್ಟಣದ ಅಸೆಸರ್ ಕಚೇರಿಯಲ್ಲಿರುವವರು

ನಿಮ್ಮ ಮನಸ್ಸಿನಲ್ಲಿ ಕೊರೆಯುತ್ತಿರುವ ಆ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಸರಿಯಾದ ಮಾತಲ್ಲ, ಮತ್ತು ಆ ನಿರೀಕ್ಷೆ ಹೊತ್ತು ನೇಮಕ ಮಾಡಿದರೆ ಮುಂದಿನ ಆಯ್ಕೆಯೆಲ್ಲ ದಾರಿ ತಪ್ಪುತ್ತದೆ. 1980ರಲ್ಲಿ ಮತದಾರರು ಒಪ್ಪಿದ 'ಪ್ರಪೊಸಿಷನ್ ಎರಡೂವರೆ' ಎಂಬ ಕಾನೂನಿನ ಪ್ರಕಾರ, ಪಟ್ಟಣವು ಒಟ್ಟಾಗಿ ವಿಧಿಸಬಹುದಾದ ಆಸ್ತಿ ತೆರಿಗೆಯ ಮಿತಿಯು ಹಿಂದಿನ ವರ್ಷದ ಮಿತಿಗಿಂತ ಶೇಕಡಾ 2.5ರಷ್ಟು ಮತ್ತು ಹೊಸ ಕಟ್ಟಡಗಳಿಂದ ಬರುವ 'ನ್ಯೂ ಗ್ರೋತ್' ಮೊತ್ತದಷ್ಟು ಮಾತ್ರ ಏರಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಮತದಾರರನ್ನೇ ಕೇಳಬೇಕು. ಊರಿನ ಎಲ್ಲ ಮನೆಗಳ ಬೆಲೆಯನ್ನು ಅಸೆಸರ್ ನಾಳೆ ಬೆಳಿಗ್ಗೆ ಶೇಕಡಾ ಹತ್ತರಷ್ಟು ಏರಿಸಿದರೂ ಆ ಮಿತಿ ಏರುವುದಿಲ್ಲ. ಸಾವಿರ ಡಾಲರಿಗೆ ಇಷ್ಟು ಎಂಬ ದರ ಕೆಳಗಿಳಿಯುತ್ತದೆ, ಅಷ್ಟೆ. ಅಸೆಸರ್ ಮಾಡುವುದು ಹಂಚಿಕೆಯ ಕೆಲಸ. ಊರಿಗೆ ಬೇಕಾದ ಹಣದಲ್ಲಿ ಯಾರ ಪಾಲು ಎಷ್ಟು ಎಂಬುದು ಅವರು ಕಟ್ಟುವ ಬೆಲೆಯಿಂದ ತೀರ್ಮಾನವಾಗುತ್ತದೆ. ಒಬ್ಬರ ಮನೆಗೆ ಕಡಿಮೆ ಬೆಲೆ ಕಟ್ಟಿದರೆ ಆ ಕೊರತೆಯನ್ನು ಉಳಿದವರೆಲ್ಲ ಸೇರಿ ತುಂಬಿಕೊಡುತ್ತಾರೆ, ತುಂಬಿಕೊಡುತ್ತಿದ್ದೇವೆಂದು ಅವರಿಗೆ ಗೊತ್ತೂ ಆಗುವುದಿಲ್ಲ.

ನ್ಯೂ ಗ್ರೋತ್ ವಿಷಯದಲ್ಲಿ ಮಾತ್ರ ಅಸೆಸರ್ ಅವರ ಶ್ರದ್ಧೆಯಿಂದ ಪಟ್ಟಣಕ್ಕೆ ನೇರವಾದ ಲಾಭವಿದೆ. ಕಟ್ಟಡ ಪರವಾನಗಿ ಪಡೆದ ಪ್ರತಿ ಮನೆಗೂ ಹೋಗಿ, ಕಟ್ಟಿದ್ದೇನು, ಎಷ್ಟು ಮುಗಿದಿದೆ ಎಂದು ನೋಡಿ ದಾಖಲಿಸದಿದ್ದರೆ ಮಿತಿಗೆ ಸೇರಬೇಕಾದ ಮೊತ್ತ ಸೇರದೆ ಉಳಿಯುತ್ತದೆ. ಆದರೆ ಇದನ್ನು ಆದಾಯ ಹೆಚ್ಚಿಸುವ ಚಾತುರ್ಯ ಎನ್ನಲಾಗದು. ಅದು ಕಾಲಿಗೆ ಬೂಟು ಹಾಕಿಕೊಂಡು ಊರು ಸುತ್ತುವ ಕೆಲಸ.

ಇನ್ನು ವರ್ಷದ ಕೆಲಸ. ನಮ್ಮಲ್ಲಿ ಆರ್ಥಿಕ ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ, ಆದರೆ ಬೆಲೆ ಕಟ್ಟುವುದು ಅದಕ್ಕೆ ಹಿಂದಿನ ಜನವರಿ 1ರಂದು ಆಸ್ತಿಗಿದ್ದ ಮಾರುಕಟ್ಟೆ ಮೌಲ್ಯಕ್ಕೆ, ಮತ್ತು ಅದಕ್ಕೆ ಆಧಾರ ಸಾಮಾನ್ಯವಾಗಿ ಆ ಜನವರಿಗೂ ಹಿಂದಿನ ವರ್ಷದ ಮಾರಾಟಗಳು. ಜನರಿಗೆ ಅತ್ಯಂತ ಗೊಂದಲ ಉಂಟುಮಾಡುವುದು ಈ ಅಂತರವೇ. ಬಿಲ್ಲು ಕೈಗೆ ಬರುವಾಗ ಮಾರುಕಟ್ಟೆ ಇಳಿದಿದ್ದರೆ 'ನನ್ನ ಮನೆಗೆ ಇಷ್ಟು ಬೆಲೆ ಎಲ್ಲಿದೆ' ಎಂದು ಅವರು ಕೇಳುವುದು ಸಹಜ. ಅದಲ್ಲದೆ ನೋಂದಣಿಯಾದ ಪ್ರತಿ ಕ್ರಯಪತ್ರವನ್ನೂ ಓದಿ, ಅದು ಪರಸ್ಪರ ಸಂಬಂಧವಿಲ್ಲದ ಇಬ್ಬರ ನಡುವಿನ ಮುಕ್ತ ಮಾರಾಟವೇ, ತಂದೆ ಮಗನಿಗೆ ಕೊಟ್ಟದ್ದೇ, ಬ್ಯಾಂಕಿನ ಜಪ್ತಿಯಿಂದ ಬಂದದ್ದೇ ಎಂದು ಬೇರ್ಪಡಿಸಬೇಕು. ಮಳಿಗೆ, ಕಚೇರಿ ಕಟ್ಟಡಗಳ ಮಾಲೀಕರಿಂದ ಬಾಡಿಗೆ ಮತ್ತು ಖರ್ಚಿನ ವಿವರ ತರಿಸಿಕೊಂಡು ಆದಾಯದ ಮೇಲೆ ಬೆಲೆ ಕಟ್ಟಬೇಕು. ಹಿರಿಯ ನಾಗರಿಕರ, ಮಾಜಿ ಸೈನಿಕರ, ದೃಷ್ಟಿಹೀನರ ವಿನಾಯಿತಿ ಅರ್ಜಿಗಳನ್ನು ನೋಡಬೇಕು. ವಾಹನಗಳ ಎಕ್ಸೈಸ್ ತೆರಿಗೆಯ ರಿಯಾಯಿತಿ ಕೇಳುವವರೂ ಇದೇ ಕಿಟಕಿಗೆ ಬರುತ್ತಾರೆ. ರಾಜ್ಯದ ಕಂದಾಯ ಇಲಾಖೆಯು ಪಟ್ಟಣದ ಮೌಲ್ಯಗಳನ್ನೆಲ್ಲ ಪರಿಶೀಲಿಸಿ ದೃಢೀಕರಿಸುವುದು ಮೊದಲು ಮೂರು ವರ್ಷಗಳಿಗೊಮ್ಮೆ ಇತ್ತು, 2016ರ ಕಾನೂನಿನ ನಂತರ ಐದು ವರ್ಷಗಳಿಗೊಮ್ಮೆ ಆಗಿದೆ. ನಿಮ್ಮ ಪಟ್ಟಣದ ಮುಂದಿನ ದೃಢೀಕರಣ ಯಾವ ವರ್ಷದಲ್ಲಿದೆ ಎಂದು ಇಂದೇ ವಿಚಾರಿಸಿ; ಅದು ಮುಂದಿನ ವರ್ಷವೇ ಆಗಿದ್ದರೆ ಹೊಸಬರಿಗೆ ಕಲಿಯಲು ಸಮಯ ಸಿಗುವುದಿಲ್ಲ.

ಅರ್ಹತೆಯ ಬಗ್ಗೆ ಹೇಳುವುದಾದರೆ, ಮೌಲ್ಯಮಾಪನದ ಹೊಣೆ ಹೊತ್ತವರು ಅಧಿಕಾರ ವಹಿಸಿಕೊಂಡ ಎರಡು ವರ್ಷಗಳೊಳಗೆ ರಾಜ್ಯದ 'ಕೋರ್ಸ್ 101' ಎಂಬ ಮೂಲ ತರಬೇತಿಯನ್ನು ಮುಗಿಸಲೇಬೇಕು. ಅದರ ಮೇಲೆ ರಾಜ್ಯದ ಅಸೆಸರ್‌ಗಳ ಸಂಘ ಕೊಡುವ 'ಎಂಎಎ' ಮಾನ್ಯತೆ ಇದ್ದರೆ ಒಳ್ಳೆಯದು. ಆದರೆ ಪ್ರಮಾಣಪತ್ರದಲ್ಲಿ ಕಾಣದ ಗುಣ ಒಂದಿದೆ, ಅದನ್ನು ನಾನು ಕಲಿತದ್ದು ಕೌಂಟರಿನಲ್ಲಿ.

ನಾನು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ವಯಸ್ಸಾದ ಮಹಿಳೆಯೊಬ್ಬರು ಬಿಲ್ಲು ಹಿಡಿದು ಬಂದರು. ಕೋಪವನ್ನು ತಡೆದುಕೊಂಡಿದ್ದರು, ಕೈ ಮಾತ್ರ ನಡುಗುತ್ತಿತ್ತು. ನಾನು ದರ, ಮಿತಿ, ಮಾರುಕಟ್ಟೆ ಎಂದು ವಿವರಣೆ ಆರಂಭಿಸಿದ್ದೆ. ನನ್ನ ಹಿರಿಯ ಸಹೋದ್ಯೋಗಿ ಎದ್ದು ಬಂದು, ಆ ಮನೆಯ ಪ್ರಾಪರ್ಟಿ ರೆಕಾರ್ಡ್ ಕಾರ್ಡನ್ನು ಮುದ್ರಿಸಿ, ಅವರು ಓದುವಂತೆ ಅವರ ಕಡೆಗೆ ತಿರುಗಿಸಿಟ್ಟು, 'ಇದು ನಿಮ್ಮ ಮನೆಯ ಬಗ್ಗೆ ನಮಗೆ ತಿಳಿದಿರುವುದು, ತಪ್ಪಿದ್ದರೆ ತೋರಿಸಿ' ಎಂದರು. ಆಕೆ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಬೆರಳಿಟ್ಟು ಓದಿದರು. ಎರಡು ಪೂರ್ಣ ಸ್ನಾನಗೃಹ ಎಂದಿದ್ದ ಕಡೆ ಬೆರಳು ನಿಂತಿತು, ಮನೆಯಲ್ಲಿದ್ದದ್ದು ಒಂದೇ. ನೆಲಮಾಳಿಗೆಯಲ್ಲಿ ವಾಸಯೋಗ್ಯ ಕೋಣೆ ಇದೆ ಎಂದು ಬರೆದಿತ್ತು; ಹಿಂದೆ ನೀರು ನುಗ್ಗಿದ ಮೇಲೆ ಅದರ ಗೋಡೆಗಳನ್ನೆಲ್ಲ ಕಿತ್ತು ಹಾಕಲಾಗಿತ್ತು. ಮರುದಿನ ಹೋಗಿ ನೋಡಿ ಅವನ್ನು ಸರಿಪಡಿಸಿದೆವು, ತೆರಿಗೆಯಲ್ಲಿ ರಿಯಾಯಿತಿ ಸಿಕ್ಕಿತು. ನನ್ನ ವಿವರಣೆಯಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಅದರಿಂದ ಆಕೆಗೆ ಒಂದು ಡಾಲರಿನ ಉಪಯೋಗವೂ ಆಗುತ್ತಿರಲಿಲ್ಲ.

ಆದ್ದರಿಂದ ಸಂದರ್ಶನಕ್ಕೆ ನನ್ನ ಸಲಹೆ ಇದು. ಮಾಲೀಕರ ಹೆಸರು ತೆಗೆದ ಒಂದು ರೆಕಾರ್ಡ್ ಕಾರ್ಡು ಮತ್ತು ಅದೇ ಮನೆಯ ನಾಲ್ಕು ಕಡೆಯ ಚಿತ್ರಗಳನ್ನು ಅಭ್ಯರ್ಥಿಗೆ ಕೊಡಿ. ಕಾರ್ಡಿನಲ್ಲಿ ಒಂದೆರಡು ತಪ್ಪುಗಳಿರಲಿ: ಗ್ಯಾರೇಜಿನ ಮೇಲೆ ಕಿಟಕಿಯಿರುವ ಕೋಣೆ ಕಾಣುತ್ತಿದ್ದರೂ ನಕ್ಷೆಯಲ್ಲಿ ಅದು ಇಲ್ಲದಿರಲಿ, ಛಾವಣಿ ಕುಸಿಯುತ್ತಿದ್ದರೂ ಸ್ಥಿತಿ 'ಉತ್ತಮ' ಎಂದಿರಲಿ. ಹತ್ತು ನಿಮಿಷ ಸುಮ್ಮನೆ ಬಿಡಿ. ತೆರಿಗೆ ಹೆಚ್ಚುವ ತಪ್ಪನ್ನೂ ತಗ್ಗುವ ತಪ್ಪನ್ನೂ ಒಂದೇ ಆಸಕ್ತಿಯಿಂದ ಹುಡುಕುವವರು ನಿಮಗೆ ಬೇಕಾದವರು. ಆಮೇಲೆ ಆ ಮನೆಯವರಿಗೆ ಅರ್ಧ ಪುಟದ ಪತ್ರ ಬರೆಯಲು ಹೇಳಿ.

ಉತ್ತರ 2: ಅಂಕಿಅಂಶಗಳ ಕ್ಷೇತ್ರದಲ್ಲಿರುವವರು, ಇಲಿನಾಯ್

ಮೇಲಿನ ಉತ್ತರ ಒಂದೊಂದೇ ಮನೆಯ ನ್ಯಾಯವನ್ನು ಚೆನ್ನಾಗಿ ಹೇಳಿದೆ. ಇಡೀ ಊರಿನ ನ್ಯಾಯ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಲೆಕ್ಕ ಹಾಕಿಯೇ ನೋಡಬೇಕು, ಮತ್ತು ಆ ಲೆಕ್ಕವನ್ನು ಸ್ವತಃ ಮಾಡಬಲ್ಲವರನ್ನೇ ನೇಮಿಸಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಒಂದು ಮನೆ 3,00,000 ಡಾಲರಿಗೆ ಮಾರಾಟವಾಯಿತು, ಅಸೆಸರ್ ಅದಕ್ಕೆ ಕಟ್ಟಿದ್ದ ಬೆಲೆ 3,15,000. ಇನ್ನೊಂದು 9,00,000ಕ್ಕೆ ಮಾರಾಟವಾಯಿತು, ಕಟ್ಟಿದ್ದ ಬೆಲೆ 7,65,000. ಕಟ್ಟಿದ ಬೆಲೆಯನ್ನು ಮಾರಾಟದ ಬೆಲೆಯಿಂದ ಭಾಗಿಸಿದರೆ ಮೊದಲನೆಯದು 1.05, ಎರಡನೆಯದು 0.85. ಎರಡರ ಸರಾಸರಿ 0.95, ಆದರೆ ಒಟ್ಟು ಕಟ್ಟಿದ ಬೆಲೆ 10,80,000ವನ್ನು ಒಟ್ಟು ಮಾರಾಟದ 12,00,000ದಿಂದ ಭಾಗಿಸಿದರೆ 0.90. ಆ 0.95ನ್ನು ಈ 0.90ರಿಂದ ಭಾಗಿಸಿದಾಗ ಬರುವ 1.06ರಷ್ಟು ಪ್ರಮಾಣಕ್ಕೆ ವೃತ್ತಿಯಲ್ಲಿ 'ಪಿಆರ್‌ಡಿ' ಎನ್ನುತ್ತಾರೆ. ಅಸೆಸರ್‌ಗಳ ಅಂತರರಾಷ್ಟ್ರೀಯ ಸಂಘವಾದ ಐಎಎಒ ಪ್ರಕಾರ ಇದು 0.98 ಮತ್ತು 1.03ರ ನಡುವೆ ಇರಬೇಕು. ಅದಕ್ಕಿಂತ ಮೇಲೇರಿದರೆ ಅಗ್ಗದ ಮನೆಗಳು ತಮ್ಮ ಪಾಲಿಗಿಂತ ಹೆಚ್ಚು ಹೊರುತ್ತಿವೆ ಎಂದರ್ಥ. ಎರಡೂ ಮನೆಗಳನ್ನು ಒಂದೇ ಮಟ್ಟದಲ್ಲಿ, ಅಂದರೆ 0.90ರಲ್ಲಿ ಅಳೆದಿದ್ದರೆ ಬೆಲೆಗಳು 2,70,000 ಮತ್ತು 8,10,000 ಆಗುತ್ತಿದ್ದವು. ಸಾವಿರಕ್ಕೆ 12 ಡಾಲರ್ ದರ ಎಂದಿಟ್ಟುಕೊಂಡರೆ ಚಿಕ್ಕ ಮನೆಯವರು ವರ್ಷಕ್ಕೆ 540 ಡಾಲರ್ ಹೆಚ್ಚು ಕಟ್ಟುತ್ತಿದ್ದಾರೆ, ದೊಡ್ಡ ಮನೆಯವರು ಸರಿಯಾಗಿ ಅದೇ 540 ಡಾಲರ್ ಕಡಿಮೆ ಕಟ್ಟುತ್ತಿದ್ದಾರೆ. ಯಾರೂ ಯಾರಿಗೂ ಲಂಚ ಕೊಟ್ಟಿಲ್ಲ, ಯಾವ ಕಡತದಲ್ಲೂ ಸುಳ್ಳಿಲ್ಲ.

ಇದು ಕೇವಲ ಕಾಗದದ ಮೇಲಿನ ಚಿಂತೆಯಲ್ಲ. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಅಸೆಸರ್ ಚುನಾಯಿತ ಅಧಿಕಾರಿ. ಅಲ್ಲಿ ಅಗ್ಗದ ಮನೆಗಳ ಮೇಲೆ ಹೆಚ್ಚು ಭಾರ ಬೀಳುತ್ತಿದೆ ಎಂಬುದನ್ನು 2017ರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ಸರಣಿ ವರದಿಗಳಲ್ಲಿ ತೋರಿಸಿತು; 2018ರ ಮಾರ್ಚ್ ತಿಂಗಳ ಪ್ರಾಥಮಿಕ ಚುನಾವಣೆಯಲ್ಲಿ ಅಂದಿನ ಅಸೆಸರ್ ಜೋಸೆಫ್ ಬೆರಿಯೋಸ್ ಸೋತು ಫ್ರಿಟ್ಜ್ ಕೇಗಿ ಗೆದ್ದರು. ಹೊಸ ಆಡಳಿತವು ಮನೆಗಳ ಬೆಲೆ ಕಟ್ಟುವ ತನ್ನ ಗಣಿತ ಮಾದರಿಯ ಕೋಡನ್ನು ಯಾರು ಬೇಕಾದರೂ ನೋಡುವಂತೆ ಬಹಿರಂಗಪಡಿಸಿತು. ನನಗೆ ಅದರಲ್ಲಿ ಹಿಡಿಸಿದ್ದು ಈ ಭಾಗವೇ.

ಅಭ್ಯರ್ಥಿಗೆ ಇನ್ನೊಂದು ಪ್ರಶ್ನೆ ಕೇಳಿ: 'ಕಳೆದ ತಿಂಗಳು ಮಾರಾಟವಾದ ಮನೆಯ ಬೆಲೆಯನ್ನು ಮಾರಾಟದ ಬೆಲೆಗೆ ಸರಿಹೊಂದಿಸಿ, ಪಕ್ಕದ ಅಂಥದೇ ಮನೆಯನ್ನು ಹಾಗೆಯೇ ಬಿಡುವುದು ಸರಿಯೇ?' ಇದಕ್ಕೆ ವೃತ್ತಿಯಲ್ಲಿ 'ಸೇಲ್ಸ್ ಚೇಸಿಂಗ್' ಎನ್ನುತ್ತಾರೆ. ಮಾರಾಟವಾದವುಗಳನ್ನಷ್ಟೇ ತಿದ್ದಿದರೆ ಮೇಲಿನ ಲೆಕ್ಕವೆಲ್ಲ ಸುಂದರವಾಗಿ ಕಾಣುತ್ತದೆ, ಊರಿನ ಉಳಿದ ಮನೆಗಳ ಅಸಮಾನತೆ ಮುಚ್ಚಿಹೋಗುತ್ತದೆ. ವೆಸ್ಟ್ ವರ್ಜೀನಿಯಾದ ವೆಬ್‌ಸ್ಟರ್ ಕೌಂಟಿಯಲ್ಲಿ ಹೊಸದಾಗಿ ಕೊಂಡ ಕಲ್ಲಿದ್ದಲು ಭೂಮಿಗಳಿಗೆ ಮಾರಾಟದ ಬೆಲೆ ಹಿಡಿದು, ಬಹುಕಾಲದಿಂದ ಕೈಬದಲಾಗದ ನೆರೆಯ ಭೂಮಿಗಳಿಗೆ ಹಳೆಯ ಬೆಲೆಗೆ ಅಲ್ಪಸ್ವಲ್ಪ ಸೇರಿಸಿ ಮುಂದುವರಿಸಿದ್ದರು. ಅದು ಕಾನೂನಿನ ಸಮಾನ ರಕ್ಷಣೆಗೆ ವಿರುದ್ಧವೆಂದು 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಈ ಪ್ರಶ್ನೆಗೆ ತಡವರಿಸುವ ಅಭ್ಯರ್ಥಿಯನ್ನು ನಾನಂತೂ ಆರಿಸುವುದಿಲ್ಲ.

ಉತ್ತರ 3: ನ್ಯೂಯಾರ್ಕ್ ರಾಜ್ಯದ ಪಟ್ಟಣವೊಂದರ ಮೌಲ್ಯ ಪರಿಶೀಲನಾ ಮಂಡಳಿಯಲ್ಲಿದ್ದವರು

ಯಾರಿಗೆ ಉತ್ತರ ಕೊಡಬೇಕು ಎಂಬ ನಿಮ್ಮ ಪ್ರಶ್ನೆಯನ್ನು ಮೇಲಿನ ಇಬ್ಬರೂ ಮುಟ್ಟಿಲ್ಲವಾದ್ದರಿಂದ ಅದನ್ನೇ ತೆಗೆದುಕೊಳ್ಳುತ್ತೇನೆ.

ನಮ್ಮ ರಾಜ್ಯದಲ್ಲಿ ಹೆಚ್ಚಿನ ಪಟ್ಟಣಗಳಿಗೆ ನೇಮಕಗೊಂಡ ಒಬ್ಬರೇ ಅಸೆಸರ್ ಇರುತ್ತಾರೆ. ಕೆಲವು ಕಡೆ ಇನ್ನೂ ಚುನಾವಣೆಯಿದೆ. ನೇಮಕಗೊಂಡವರ ಅವಧಿಯನ್ನು ಕಾನೂನೇ ಆರು ವರ್ಷ ಎಂದು ಗೊತ್ತುಮಾಡಿದೆ, ಮತ್ತು ರಾಜ್ಯದಾದ್ಯಂತ ಆ ಅವಧಿ ಒಂದೇ ದಿನ, ಅಕ್ಟೋಬರ್ 1ರಂದು ಆರಂಭವಾಗುತ್ತದೆ. ಮೊದಲು ಇದು ನನಗೆ ಅನಗತ್ಯವಾದ ಬಿಗಿತವಾಗಿ ಕಂಡಿತ್ತು. ಕೆಲಸ ಮಾಡದವರನ್ನು ಆರು ವರ್ಷ ಸಹಿಸಬೇಕೇ ಎಂದು ಸಭೆಯಲ್ಲಿ ನಾನೇ ಕೇಳಿದ್ದೆ. ಊರಿನ ಮೌಲ್ಯಗಳನ್ನು ಬಹಳ ವರ್ಷಗಳ ನಂತರ ಪೂರ್ತಿಯಾಗಿ ಪರಿಷ್ಕರಿಸಿದ ವರ್ಷ ನನ್ನ ಅಭಿಪ್ರಾಯ ಬದಲಾಯಿತು. ಕೆರೆಯ ದಂಡೆಯ ಮನೆಗಳ ಬೆಲೆ ಎರಡು ಪಟ್ಟಿಗೂ ಮೀರಿ ಏರಿತು, ಊರೊಳಗಿನ ಹಳೆಯ ಬೀದಿಗಳದು ತುಸು ಇಳಿಯಿತು. ಪಟ್ಟಣ ಮಂಡಳಿಯ ಸಭೆಗೆ ಬಂದು ಕೂಗಾಡಿದವರೆಲ್ಲ ದಂಡೆಯವರು. ಬೆಲೆ ಇಳಿದವರು ಮನೆಯಲ್ಲಿದ್ದರು. ಅಸೆಸರ್ ಅವರನ್ನು ಆ ವಾರವೇ ತೆಗೆದುಹಾಕುವ ಅಧಿಕಾರ ಮಂಡಳಿಯ ಕೈಯಲ್ಲಿದ್ದಿದ್ದರೆ ಖಂಡಿತ ತೆಗೆದುಹಾಕುತ್ತಿದ್ದರು, ಹಳೆಯ ಬೀದಿಯವರು ಇನ್ನೊಬ್ಬರ ತೆರಿಗೆಯನ್ನು ಕಟ್ಟುತ್ತಲೇ ಇರುತ್ತಿದ್ದರು.

ನಿಮ್ಮ ರಾಜ್ಯದ ನಿಯಮಗಳು ಬೇರೆ. ಆದರೂ ತತ್ವ ಒಂದೇ: ರಜೆ, ಹಾಜರಿ, ಕಚೇರಿಯ ಖರ್ಚು, ಸಿಬ್ಬಂದಿಯ ವಿಷಯಗಳಲ್ಲಿ ಹೊಸ ಅಧಿಕಾರಿ ಆಡಳಿತಾಧಿಕಾರಿಗೆ ಉತ್ತರ ಕೊಡಲಿ, ಯಾವ ಆಸ್ತಿಗೆ ಎಷ್ಟು ಬೆಲೆ, ಯಾರಿಗೆ ರಿಯಾಯಿತಿ ಎಂಬ ವಿಷಯದಲ್ಲಿ ಅಸೆಸರ್ ಮಂಡಳಿಗೆ ಮಾತ್ರ ಉತ್ತರ ಕೊಡಲಿ. ಬಜೆಟ್ ತಯಾರಿಸುವವರ ಕೈಗೆ ಬೆಲೆ ಕಟ್ಟುವವರ ಉದ್ಯೋಗವನ್ನು ಪೂರ್ತಿ ಒಪ್ಪಿಸಬೇಡಿ. ಈ ವಿಂಗಡಣೆಯನ್ನು ಬಾಯಿಮಾತಿನಲ್ಲಿ ಬಿಡದೆ ನೇಮಕಾತಿ ಪತ್ರದಲ್ಲೇ ಬರೆಸಿ, ಪಟ್ಟಣದ ವಕೀಲರಿಂದ ನೋಡಿಸಿ.

ಎರಡನೆಯ ಉತ್ತರದ ಬಗ್ಗೆ ಒಂದು ಮಾತು. ಲೆಕ್ಕ ಬಲ್ಲವರು ಬೇಕು ಎಂಬುದನ್ನು ಒಪ್ಪುತ್ತೇನೆ, ಆದರೆ ಲೆಕ್ಕವನ್ನು ಹೊರಗಿನ ಸಂಸ್ಥೆಗೆ ಗುತ್ತಿಗೆ ಕೊಟ್ಟು ಮಾಡಿಸಬಹುದು, ಅನೇಕ ಪಟ್ಟಣಗಳು ಹಾಗೆಯೇ ಮಾಡುತ್ತವೆ. ಎದುರಿಗೆ ನಿಂತವರ ಮಾತನ್ನು ಕೇಳಿಸಿಕೊಳ್ಳುವುದನ್ನು ಗುತ್ತಿಗೆ ಕೊಡಲಾಗದು. ನಮ್ಮ ಹೆಚ್ಚಿನ ಪಟ್ಟಣಗಳಲ್ಲಿ ಮೇ ತಿಂಗಳ ನಾಲ್ಕನೆಯ ಮಂಗಳವಾರ 'ಗ್ರೀವೆನ್ಸ್ ಡೇ', ಅಂದರೆ ದೂರು ಕೇಳುವ ದಿನ. ಅಂದು ಸಂಜೆ ಮಂಡಳಿಯ ಮುಂದೆ ಕುಳಿತವರಲ್ಲಿ ಬಹಳಷ್ಟು ಮಂದಿ ಕಚೇರಿಯಲ್ಲಿ ಹತ್ತು ನಿಮಿಷ ಯಾರಾದರೂ ಸಮಾಧಾನದಿಂದ ಕಾರ್ಡು ತೋರಿಸಿದ್ದರೆ ಬರುತ್ತಲೇ ಇರಲಿಲ್ಲ. ಒಳ್ಳೆಯ ಅಸೆಸರ್ ಇದ್ದ ವರ್ಷ ನಮ್ಮ ಮುಂದೆ ಬಂದ ದೂರುಗಳು ಕಡಿಮೆ, ಬಂದವು ಮಾತ್ರ ನಿಜವಾಗಿ ಚರ್ಚೆಗೆ ಅರ್ಹವಾದವು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. 540 ಡಾಲರಿನ ಆ ಲೆಕ್ಕವನ್ನು ನಿನ್ನೆಯ ಸಭೆಯಲ್ಲಿ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದೆ. ಆದಾಯ ಹೆಚ್ಚಿಸಬಲ್ಲವರು ಬೇಕು ಎಂದಿದ್ದ ಸದಸ್ಯರು ಸ್ವಲ್ಪ ಹೊತ್ತು ನೋಡಿ, ಚಿಕ್ಕ ಮನೆಯ ಸಾಲಿನ ಕೆಳಗೆ ತಾವೇ ಗೆರೆ ಎಳೆದರು. ಕರಡಿನಿಂದ ಆ ನಾಲ್ಕು ಮಾತುಗಳನ್ನು ತೆಗೆದು, ಸ್ಥಳ ಪರಿಶೀಲನೆ, ಮಾರಾಟಗಳ ವಿಶ್ಲೇಷಣೆ, ವಿನಾಯಿತಿ ಮತ್ತು ರಿಯಾಯಿತಿ ಅರ್ಜಿಗಳ ನಿರ್ವಹಣೆ, ಸಾರ್ವಜನಿಕರಿಗೆ ದಾಖಲೆ ತೋರಿಸಿ ವಿವರಿಸುವುದು ಎಂದು ಕೆಲಸವನ್ನೇ ಬರೆದಿದ್ದೇವೆ. ಉತ್ತರದಾಯಿತ್ವದ ವಿಂಗಡಣೆಯನ್ನು ವಕೀಲರಿಗೆ ಕಳುಹಿಸಿದ್ದೇವೆ.

ಒಂದೇ ಒಂದು ಅನುಮಾನ ಉಳಿದಿದೆ. ಅರ್ಜಿ ಹಾಕುವ ಸೂಚನೆ ಕೊಟ್ಟಿರುವವರಲ್ಲಿ ಒಬ್ಬರು ನಮ್ಮದೇ ಕಚೇರಿಯಲ್ಲಿ ಒಂಬತ್ತು ವರ್ಷಗಳಿಂದ ಗುಮಾಸ್ತರಾಗಿರುವವರು. ಪದವಿಯಿಲ್ಲ, ಆದರೆ ಊರಿನ ಪ್ರತಿ ಬೀದಿ ಗೊತ್ತು. ಪದವಿ ಕಡ್ಡಾಯ ಎಂದು ಬರೆದರೆ ಅವರು ಬಾಗಿಲಲ್ಲೇ ಉಳಿಯುತ್ತಾರೆ.

ಉತ್ತರ 1 ಬರೆದವರು

ಪದವಿ 'ಅಥವಾ ಸಮಾನ ಅನುಭವ' ಎಂದು ಬರೆಯಿರಿ. ನಾನೂ ಆ ಎರಡನೆಯ ಮಾತಿನ ಬಾಗಿಲಿನಿಂದಲೇ ಒಳಗೆ ಬಂದವನು. ಆದರೆ ಊರು ಗೊತ್ತಿರುವುದು ಎರಡಲಗಿನ ಕತ್ತಿ. ಅವರ ಸಂಬಂಧಿಕರ, ಸ್ನೇಹಿತರ ಮನೆಗಳೂ ಅದೇ ಬೀದಿಗಳಲ್ಲಿವೆ. ತಮ್ಮ ಮನೆಯವರ ಆಸ್ತಿಯ ತೀರ್ಮಾನದಿಂದ ಹಿಂದೆ ಸರಿಯಬೇಕೆಂದು ರಾಜ್ಯದ ಹಿತಾಸಕ್ತಿ ಸಂಘರ್ಷದ ಕಾನೂನು ಹೇಳುತ್ತದೆ. ಸ್ನೇಹಿತರ ವಿಷಯದಲ್ಲಿ ಏನು ಮಾಡುವಿರಿ ಎಂದು ಸಂದರ್ಶನದಲ್ಲಿ ನೇರವಾಗಿ ಕೇಳಿ.

ಅವರ ಒಂಬತ್ತು ವರ್ಷಗಳ ಅನುಭವವನ್ನು ಅಳೆಯಲು ಇನ್ನೊಂದು ಪ್ರಶ್ನೆಯೂ ಇದೆ. ನಮ್ಮ ರಾಜ್ಯದಲ್ಲಿ ರಿಯಾಯಿತಿ ಕೋರುವ ಅರ್ಜಿಯು ನಿಗದಿತ ದಿನದೊಳಗೆ ಸಲ್ಲಿಕೆಯಾಗಬೇಕು. ಮೂರು ತಿಂಗಳಿಗೊಮ್ಮೆ ಬಿಲ್ಲು ಕಳುಹಿಸುವ ಪಟ್ಟಣಗಳಲ್ಲಿ ಸಾಮಾನ್ಯವಾಗಿ ಅದು ಫೆಬ್ರವರಿ 1. ದಿನ ಮೀರಿದರೆ ಮಂಡಳಿಗೆ ಮನಸ್ಸಿದ್ದರೂ ರಿಯಾಯಿತಿ ಕೊಡುವ ಅಧಿಕಾರವಿರುವುದಿಲ್ಲ. ಅರ್ಜಿ ಬಂದ ಮೇಲೆ ಮೂರು ತಿಂಗಳೊಳಗೆ ತೀರ್ಮಾನವಾಗದಿದ್ದರೆ ಅದು ತಿರಸ್ಕೃತವಾಯಿತೆಂದೇ ಲೆಕ್ಕ, ಅಲ್ಲಿಂದ ಮತ್ತೆ ಮೂರು ತಿಂಗಳೊಳಗೆ ಮಾಲೀಕರು ರಾಜ್ಯದ ತೆರಿಗೆ ಮೇಲ್ಮನವಿ ಮಂಡಳಿಗೆ ಹೋಗಬೇಕು. ಅರ್ಜಿ ಸಲ್ಲಿಸುವ ಕೊನೆಯ ದಿನ ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಒಬ್ಬರು ಅರ್ಧ ತುಂಬಿದ ಅರ್ಜಿ ಹಿಡಿದು ಓಡಿಬಂದರೆ ನೀವೇನು ಮಾಡುತ್ತೀರಿ ಎಂದು ಅವರನ್ನು ಕೇಳಿ. ಮೊದಲು ದಿನಾಂಕದ ಮುದ್ರೆ ಒತ್ತಿ ಅರ್ಜಿಯನ್ನು ತೆಗೆದುಕೊಳ್ಳುತ್ತೇನೆ, ಉಳಿದ ವಿವರಗಳನ್ನು ಆಮೇಲೆ ತರಿಸಿಕೊಳ್ಳುತ್ತೇನೆ ಎಂದರೆ ಅವರಿಗೆ ಕೆಲಸ ಗೊತ್ತಿದೆ. ನಿಮ್ಮ ಸಂದರ್ಶನದ ದಿನ ನಿಗದಿಯಾದಾಗ ತಿಳಿಸಿ, ತಪ್ಪುಗಳಿರುವ ಮಾದರಿ ಕಾರ್ಡು ತಯಾರಿಸಲು ನಾನು ನೆರವಾಗುತ್ತೇನೆ.